ಪೋಷಕ ನಟನ ದಾರಿ: ಶಿರಸಿ, ಕುಮಟಾ, ಕಾರವಾರದಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ನಾಯಕಿಯ ಅಪ್ಪ, ಮೂಗು ಮುರಿಯುವ ಸೋದರತ್ತೆ, ಠಾಣೆಯ ಹೆಡ್ ಕಾನ್‌ಸ್ಟೆಬಲ್, ಊರಿನ ಶ್ಯಾನುಭೋಗ, ಕೋರ್ಟಿನ ಗುಮಾಸ್ತ. ಒಂದು ಸಿನಿಮಾದಲ್ಲಿ ನಾಯಕ ಒಬ್ಬನೇ, ಇಂಥವರು ಇಪ್ಪತ್ತು ಮಂದಿ. ಈ ಕೆಲಸಕ್ಕೆ ಚೆಂದದ ಮುಖವೇ ಬೇಕೆಂದಿಲ್ಲ, ನೋಡಿದವರು ನಂಬುವ ಮುಖ ಸಾಕು. ನಲವತ್ತೈದು ದಾಟಿದ ಮೇಲೆ ಶುರು ಮಾಡಿದವರಿಗೂ ಜಾಗ ಇದೆ. ಅಪ್ಪ, ಅಮ್ಮ, ಅಜ್ಜನ ಪಾತ್ರಗಳಿಗೆ ಆ ವಯಸ್ಸಿನವರೇ ಬೇಕಲ್ಲ.

ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಮೊದಲ ಅವಕಾಶ ಮುಖ ನೋಡಿ ಸಿಗಬಹುದು, ಪರಿಚಯದಿಂದಲೂ ಸಿಗಬಹುದು. ಪೋಷಕ ನಟನ ಬದುಕು ನಡೆಯುವುದು ಮಾತ್ರ ಎರಡನೇ ಕರೆಯ ಮೇಲೆ. ಕಲಾವಿದರನ್ನು ಕರೆಸುವ ಅದೇ ಮ್ಯಾನೇಜರ್, ಅದೇ ಅಸೋಸಿಯೇಟ್ ಡೈರೆಕ್ಟರ್ ಆರು ತಿಂಗಳ ನಂತರ ಇನ್ನೊಂದು ಕೆಲಸಕ್ಕೆ ನಿಮ್ಮ ಹೆಸರನ್ನೇ ನೆನೆಯಬೇಕು. ಇಲ್ಲಿ ಹೇಳುವ ಎಲ್ಲವೂ ಆ ಎರಡನೇ ಕರೆಗಾಗಿ.

ಮೊದಲು ನಿಮ್ಮ ಪಾತ್ರ ಯಾವುದೆಂದು ಗುರುತಿಸಿ

“ಯಾವ ಪಾತ್ರ ಬೇಕಾದರೂ ಮಾಡುತ್ತೇನೆ” ಎನ್ನುವವರನ್ನು ಆಯ್ಕೆ ಮಾಡುವುದು ಕಷ್ಟ. ಪಾತ್ರ ಹಂಚುವವರ ತಲೆಯಲ್ಲಿ ಇರುವುದು ಖಾಲಿ ಜಾಗಗಳ ಪಟ್ಟಿ: 50ರ ಆಸುಪಾಸಿನ, ಮಾತು ಕಡಿಮೆ ಇರುವ ರೈತ, 35ರ ಚೂಟಿ ನರ್ಸ್, 60ರ ಮುಂಗೋಪದ ನಿವೃತ್ತ ಮೇಷ್ಟ್ರು. ನಿಮ್ಮನ್ನು ಅಷ್ಟಾಗಿ ಅರಿಯದ ಐದು ಮಂದಿಗೆ ನಿಮ್ಮ ಫೋಟೊ ತೋರಿಸಿ, “ಇವರು ಏನು ಕೆಲಸ ಮಾಡುತ್ತಿರಬಹುದು, ವಯಸ್ಸೆಷ್ಟು” ಎಂದು ಕೇಳಿ. ಮನೆಯವರನ್ನು ಕೇಳಿದರೆ ಉತ್ತರ ಬರುವುದು ಪ್ರೀತಿಯಿಂದ, ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಐವರಲ್ಲಿ ಮೂವರು ಒಂದೇ ಬಗೆಯ ಉತ್ತರ ಕೊಟ್ಟರೆ ಅದೇ ನಿಮ್ಮ ಮೊದಲ ಬಾಗಿಲು. ಅಂಥ ಮೂರು ಪಾತ್ರಗಳನ್ನು ಗುರುತಿಸಿ, ನಿಮ್ಮ ವಯಸ್ಸಿನ ವ್ಯಾಪ್ತಿಯನ್ನು ಹತ್ತು ವರ್ಷದೊಳಗೆ ಹಿಡಿದಿಡಿ. “25ರಿಂದ 60ರವರೆಗೆ” ಎಂದು ಬರೆದರೆ ಯಾರೂ ನಂಬುವುದಿಲ್ಲ.

ಒಂದೇ ಬಗೆಯ ಪಾತ್ರಕ್ಕೆ ಕಟ್ಟುಬೀಳುವ ಭಯ ಬೇಡ. ಮೊದಲ ಎರಡು ವರ್ಷ ಅದೇ ಅನ್ನ ಹಾಕುತ್ತದೆ. ಬೇರೆ ಬಗೆಯ ಪಾತ್ರ ಕೇಳುವ ಹಕ್ಕು ಬರುವುದು ಒಂದರಲ್ಲಿ ನಂಬಿಕೆ ಗಳಿಸಿದ ಮೇಲೆ.

ಕಲಿಕೆ: ಹತ್ತಿರದಲ್ಲೇ ಇರುವುದನ್ನು ಬಿಟ್ಟು ದೂರ ಓಡಬೇಡಿ

ಉತ್ತರ ಕನ್ನಡದವರಿಗೆ ಈ ವಿಷಯದಲ್ಲಿ ಹೆಚ್ಚಿನ ಜಿಲ್ಲೆಗಳಿಗೆ ಇಲ್ಲದ ಭಾಗ್ಯವಿದೆ. ಶಿರಸಿಯಿಂದ ಸಿದ್ದಾಪುರದ ಮೇಲೆ ಸಾಗರಕ್ಕಿಳಿದರೆ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಂ 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ, ಮಂಡ್ಯ ರಮೇಶ್ ಅಲ್ಲಿ ಕಲಿತವರು. ಸಿದ್ದಿ ಸಮುದಾಯದಿಂದ ಬಂದ ಪ್ರಶಾಂತ್ ಸಿದ್ದಿ ಕೂಡ ಅಲ್ಲಿ ಕಲಿತವರೇ. ಪೂರ್ಣಾವಧಿಯ ಕೋರ್ಸಿಗೆ ವರ್ಷ ಕೊಡಲಾಗದವರು ಊರಿನ ಹವ್ಯಾಸಿ ತಂಡದಲ್ಲಿ ವರ್ಷಕ್ಕೆ ಎರಡು ನಾಟಕವನ್ನಾದರೂ ಮಾಡಬೇಕು. ಮಾತು ಬಾಯಿಪಾಠ ಮಾಡುವುದು, ಎದುರಿನವನ ಮಾತು ಕೇಳುವುದು, ಒಂದೇ ದೃಶ್ಯವನ್ನು ನಲವತ್ತು ಸಲ ಬೇಸರವಿಲ್ಲದೆ ಮಾಡುವುದು ಕೂಡಿಬರುವುದು ಅಲ್ಲೇ.

ಇನ್ನು ಯಕ್ಷಗಾನ. ಹೊನ್ನಾವರದ ಗುಣವಂತೆಯಲ್ಲಿ ನೆಲೆ ನಿಂತ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ನೋಡಿ ಬೆಳೆದ ಜನ ನಾವು. ಈ ಕಲೆ ಕೊಡುವ ದೇಹದ ಹಿಡಿತ, ಲಯ, ಧೈರ್ಯವನ್ನು ಯಾವ ಆರು ವಾರದ ಶಿಬಿರವೂ ಕೊಡಲಾರದು. ಆದರೆ ರಂಗಸ್ಥಳದಲ್ಲಿ ಗುಣವಾದದ್ದು ಕ್ಯಾಮೆರಾದ ಎದುರು ದೋಷವಾಗುತ್ತದೆ. ಅದನ್ನು ಬಿಡಿಸಿ ಹೇಳಬೇಕು.

ರಂಗಸ್ಥಳದ ದೇಹವನ್ನು ಚೌಕಟ್ಟಿಗೆ ಇಳಿಸುವುದು

ಬಯಲಿನಲ್ಲಿ ಕೊನೆಯ ಸಾಲಿನ ಪ್ರೇಕ್ಷಕ ನೂರು ಅಡಿ ದೂರದಲ್ಲಿರುತ್ತಾನೆ. ಅವನಿಗೆ ಮುಟ್ಟಲೆಂದು ಕಣ್ಣು ಅಗಲಿಸಬೇಕು, ಹುಬ್ಬು ಏರಿಸಬೇಕು, ಶ್ರುತಿ ಏರಬೇಕು. ಕ್ಲೋಸ್ ಶಾಟ್‌ನಲ್ಲಿ ನಿಮ್ಮ ಮುಖ ಚಿತ್ರಮಂದಿರದ ಪರದೆಯ ಎತ್ತರಕ್ಕೆ ಬೆಳೆಯುತ್ತದೆ. ಅಲ್ಲಿ ಹುಬ್ಬು ಅರ್ಧ ಇಂಚು ಏರಿದರೂ ಕೂಗಿದ ಹಾಗೆ ಕಾಣುತ್ತದೆ. ತಿದ್ದಿಕೊಳ್ಳಲು ಒಂದು ಅಭ್ಯಾಸವಿದೆ. ಎಂಟು ಸಾಲಿನ ಒಂದು ಮಾತನ್ನು ಮೂರು ಸಲ ಮೊಬೈಲಿನಲ್ಲಿ ಚಿತ್ರಿಸಿ: ಮೊದಲು ಅಂಗಳದ ಆಚೆ ಇರುವವರಿಗೆ ಹೇಳಿದಂತೆ, ಆಮೇಲೆ ಜಗಲಿಯಲ್ಲಿ ಪಕ್ಕ ಕೂತವರಿಗೆ ಹೇಳಿದಂತೆ, ಕೊನೆಗೆ ಮಗು ಮಲಗಿರುವ ಕೋಣೆಯಲ್ಲಿ ಹೇಳಿದಂತೆ. ಮಾತಿನ ಅರ್ಥ, ಒಳಗಿನ ಸಿಟ್ಟು ಮೂರರಲ್ಲೂ ಅಷ್ಟೇ ಇರಬೇಕು, ಗಾತ್ರ ಮಾತ್ರ ಇಳಿಯಬೇಕು. ಧಾರಾವಾಹಿಗೆ ಎರಡನೆಯದು, ಸಿನಿಮಾದ ಕ್ಲೋಸ್‌ಗೆ ಮೂರನೆಯದು ಸರಿಹೊಂದುತ್ತದೆ. ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಗಾತ್ರ ಇಳಿಸಲು ಹೋಗಿ ಒಳಗಿನ ಬಿಸಿಯನ್ನೂ ಆರಿಸಿಬಿಡುತ್ತಾರೆ.

ತಾಳಮದ್ದಳೆಯ ಅರ್ಥಧಾರಿಗಳಿಗೆ ಇನ್ನೊಂದು ತೊಡಕಿದೆ. ಎದುರಿನವನ ಮಾತಿನ ಎಳೆ ಹಿಡಿದು ಬೆಳೆಸುವುದು ಅವರ ಶಕ್ತಿ. ಸೆಟ್‌ನಲ್ಲಿ ಬರೆದ ನಾಲ್ಕು ಸಾಲು ಏಳಾದರೆ ಎದುರಿನ ನಟನಿಗೆ ತನ್ನ ಸರದಿ ಯಾವಾಗ ಎಂದು ತಿಳಿಯುವುದಿಲ್ಲ, ಸಂಕಲನಕಾರನಿಗೆ ಎರಡು ಟೇಕ್ (ಒಂದೇ ಶಾಟನ್ನು ಮತ್ತೆ ಮತ್ತೆ ಚಿತ್ರಿಸಿದ್ದು) ಹೊಂದಿಸಲು ಬರುವುದಿಲ್ಲ. ಸಾಲಿನ ಕೊನೆಯ ಪದವನ್ನು ಎಂದಿಗೂ ಬದಲಿಸಬೇಡಿ. ಎದುರಿನವರು ಕಾಯುವುದು ಆ ಪದಕ್ಕೆ. ನಡುವೆ ಏನಾದರೂ ಸೇರಿಸಬೇಕೆನಿಸಿದರೆ ಮಾನಿಟರ್‌ನಲ್ಲಿ, ಅಂದರೆ ಟೇಕ್‌ಗೆ ಮುಂಚಿನ ಪೂರ್ವಾಭ್ಯಾಸದಲ್ಲಿ, ಹೇಳಿ ತೋರಿಸಿ ನಿರ್ದೇಶಕರ ಒಪ್ಪಿಗೆ ಪಡೆಯಿರಿ. ಅರ್ಥಧಾರಿಯ ಇನ್ನೊಂದು ಗುಣ ಮಾತ್ರ ಇಲ್ಲಿ ಚಿನ್ನ: ಎದುರಿನವನ ಮಾತನ್ನು ನಿಜವಾಗಿ ಕೇಳುವುದು. ಪೋಷಕ ನಟ ತೆರೆಯ ಮೇಲೆ ಅರ್ಧ ಹೊತ್ತು ಮಾಡುವ ಕೆಲಸ ಅದೇ. ನಾಯಕಿ ಅತ್ತಾಗ ನಿಮ್ಮ ಮೇಲೆ ಬರುವ ರಿಯಾಕ್ಷನ್ ಶಾಟ್‌ನಲ್ಲಿ “ದುಃಖ ತೋರಿಸು” ಎಂದು ಮುಖ ಹಿಂಡಬೇಡಿ. ಅವಳ ಮಾತಿನಲ್ಲಿ ನಿಮಗೆ ಹೊಸದಾಗಿ ಗೊತ್ತಾದ ಪದ ಯಾವುದೋ ಅದನ್ನು ಮಾತ್ರ ಕೇಳಿಸಿಕೊಳ್ಳಿ.

ಫೋಟೊ ಮತ್ತು ವಿಡಿಯೊ

ಫೋಟೊ ಆರು ಸಾಕು. ಮುಖ ನೇರ, ಮುಖ ಪಕ್ಕದಿಂದ, ಸೊಂಟದವರೆಗೆ, ಪೂರ್ತಿ ನಿಂತದ್ದು, ಮತ್ತೆ ನೀವು ಗುರುತಿಸಿಕೊಂಡ ಪಾತ್ರಗಳಲ್ಲಿ ಎರಡಕ್ಕೆ ಹೊಂದುವ ಉಡುಗೆಯಲ್ಲಿ ಒಂದೊಂದು. ಮೇಕಪ್ ಬೇಡ, ಫಿಲ್ಟರ್ ಬೇಡವೇ ಬೇಡ. ನೆರಿಗೆ, ನರೆ, ಬೋಳುತಲೆ ಇವೇ ನಿಮ್ಮ ಬಂಡವಾಳ. ಅವನ್ನು ಅಳಿಸಿ ಕಳಿಸಿದ ಫೋಟೊ ನೋಡಿ ಕರೆದವರು ಎದುರಿಗೆ ಬಂದವರನ್ನು ಕಂಡು ವಾಪಸು ಕಳಿಸುತ್ತಾರೆ. ಗಡ್ಡ ಬಿಟ್ಟದ್ದೂ ಬೋಳಿಸಿದ್ದೂ ಎರಡೂ ಇರಲಿ. ಸಾವಿರಾರು ರೂಪಾಯಿ ಕೊಟ್ಟು ಸ್ಟುಡಿಯೊಕ್ಕೆ ಹೋಗುವ ಅಗತ್ಯವಿಲ್ಲ. ನಮ್ಮ ಮನೆಗಳ ಜಗಲಿಯೇ ಒಳ್ಳೆಯ ಸ್ಟುಡಿಯೊ: ಬೆಳಿಗ್ಗೆ 8ರಿಂದ 10ರೊಳಗೆ, ಬಿಸಿಲು ಮುಖಕ್ಕೆ ನೇರ ಬೀಳದ ಕಡೆ, ಅಂಗಳಕ್ಕೆ ಮುಖ ಮಾಡಿ ಕೂತರೆ ಅಂಗಳದಿಂದ ಚಿಮ್ಮುವ ಬೆಳಕು ಕಣ್ಣಿನ ಕೆಳಗಿನ ನೆರಳನ್ನು ತುಂಬುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಒಳಗಿನಿಂದ ತೆಗೆದರೆ ಮುಖ ಕಪ್ಪಾಗಿ ಹಿಂದಿನ ತೋಟ ಮಾತ್ರ ಹೊಳೆಯುತ್ತದೆ.

ಆಡಿಷನ್ ಈಗ ಹೆಚ್ಚಾಗಿ ನಡೆಯುವುದು ಕಳಿಸಿದ ವಿಡಿಯೊ ಮೇಲೆ. ಮೊಬೈಲನ್ನು ಅಡ್ಡ ಹಿಡಿದು, ಹಿಂಬದಿಯ ಕ್ಯಾಮೆರಾದಲ್ಲಿ, ಕಣ್ಣಿನ ಎತ್ತರಕ್ಕೆ, ಐದಾರು ಅಡಿ ದೂರದಲ್ಲಿ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಮೇಜಿನ ಮೇಲೆ ಪುಸ್ತಕ ಪೇರಿಸಿ. ಯಾರ ಕೈಗೂ ಕೊಡಬೇಡಿ, ಅಲುಗಾಡುತ್ತದೆ. 1080 ಗುಣಮಟ್ಟ ಸಾಕು. ರಾತ್ರಿ ಎಲ್‌ಇಡಿ ದೀಪದಲ್ಲಿ ತೆಗೆಯುವಾಗ ಚಿತ್ರ ಮಿಣುಕಿದರೆ ಕಾರಣ ಇದು: ನಮ್ಮ ವಿದ್ಯುತ್ತು 50 ಹರ್ಟ್ಸ್, ಮೊಬೈಲು ಸೆಕೆಂಡಿಗೆ 30 ಚೌಕಟ್ಟು ಹಿಡಿಯುತ್ತದೆ, ಎರಡಕ್ಕೂ ತಾಳೆಯಾಗುವುದಿಲ್ಲ. ಸೆಟ್ಟಿಂಗ್‌ನಲ್ಲಿ 25ಕ್ಕೆ ಬದಲಿಸಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಹಿಂದೆ ಖಾಲಿ ಗೋಡೆ ಇರಲಿ, ಕ್ಯಾಲೆಂಡರ್ ತೆಗೆಯಿರಿ.

ನಮ್ಮ ಕಡೆ ವಿಡಿಯೊ ಕೆಡುವುದು ಚಿತ್ರದಿಂದಲ್ಲ, ಸದ್ದಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಮಾತು ಕೇಳುವುದೇ ಇಲ್ಲ. ಕತ್ತಲಾದ ಮೇಲೆ ಜೀರುಂಡೆ. ಕಾರವಾರ, ಅಂಕೋಲೆಯ ಸಮುದ್ರ ತೀರದಲ್ಲಿ ಮಧ್ಯಾಹ್ನದ ಮೇಲೆ ಗಾಳಿ. ಫ್ಯಾನು, ಫ್ರಿಜ್ ಆರಿಸಿ, ಬಟ್ಟೆ ತುಂಬಿದ ಕಪಾಟು ಇರುವ ಚಿಕ್ಕ ಕೋಣೆ ಹಿಡಿಯಿರಿ. ಬಟ್ಟೆ, ಹಾಸಿಗೆ ಪ್ರತಿಧ್ವನಿಯನ್ನು ನುಂಗುತ್ತವೆ. ಎದುರು ಪಾತ್ರದ ಸಾಲು ಓದುವವರು ಕ್ಯಾಮೆರಾದ ಪಕ್ಕಕ್ಕೆ ಒತ್ತಿ ನಿಂತು, ನಿಮಗಿಂತ ಮೆಲ್ಲಗೆ ಓದಲಿ. ನಿಮ್ಮ ನೋಟ ಅವರ ಮೇಲಿರಲಿ, ಲೆನ್ಸ್ ಮೇಲಲ್ಲ.

ಪರಿಚಯದ ವಿಡಿಯೊ ಬೇರೆ, ಅಭಿನಯದ ವಿಡಿಯೊ ಬೇರೆ. ಪರಿಚಯ 30 ಸೆಕೆಂಡು: ಹೆಸರು, ವಯಸ್ಸಿನ ವ್ಯಾಪ್ತಿ, ಎತ್ತರ, ಈಗ ಇರುವ ಊರು, ಬರುವ ಭಾಷೆಗಳು, ಜತೆಗೆ ನಿಜವಾಗಿ ಬರುವ ಕೌಶಲ. ಈಜು, ದೋಣಿ ಹುಟ್ಟುಹಾಕುವುದು, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವುದು, ಬಲೆ ಬೀಸುವುದು, ಲಾರಿ ಓಡಿಸುವುದು ನಿಮಗೆ ದಿನನಿತ್ಯದ ಸಂಗತಿ ಇರಬಹುದು, ನಿರ್ದೇಶಕರಿಗೆ ಅಪರೂಪ. ಅದನ್ನು ಹೇಳದೆ “ನಟನೆ ನನ್ನ ಉಸಿರು” ಎಂದು ಹೇಳಿ ಆ 30 ಸೆಕೆಂಡು ಕಳೆಯಬೇಡಿ. ಅಭಿನಯದ ವಿಡಿಯೊ ಒಂದೂವರೆ ನಿಮಿಷ ಮೀರದಿರಲಿ. ಮೊದಲ ಹತ್ತು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಉಳಿದದ್ದನ್ನು ನೋಡುವುದು ಅನುಮಾನ. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಡ್ರೈವ್ ಲಿಂಕ್ ಕಳಿಸುವುದಾದರೆ ಲಿಂಕ್ ಇದ್ದವರೆಲ್ಲ ನೋಡಬಹುದೆಂಬ ಅನುಮತಿ ತೆರೆದು, ಬೇರೆಯವರ ಮೊಬೈಲಿನಲ್ಲಿ ಒಮ್ಮೆ ಒತ್ತಿ ನೋಡಿ. ಅನುಮತಿ ಕೇಳುವ ಲಿಂಕ್ ಬಂದರೆ ಯಾರೂ ಕಾಯುವುದಿಲ್ಲ, ಮುಂದಿನವರದ್ದಕ್ಕೆ ಹೋಗುತ್ತಾರೆ. ಫೈಲಿಗೆ ಹೆಸರು, ಪಾತ್ರ, ಫೋನ್ ಸಂಖ್ಯೆ ಇರಲಿ.

ಮಾತು: ನಮ್ಮ ಕನ್ನಡವನ್ನು ಬಿಟ್ಟುಕೊಡದೆ ಇನ್ನೆರಡನ್ನು ಕಲಿಯುವುದು

ಚಿತ್ರಕಥೆ ಬರೆಯುವವರಲ್ಲಿ ಹಲವರಿಗೆ ಕರಾವಳಿ ಎಂದರೆ ಒಂದೇ ಕನ್ನಡ, ಅದೂ ಮಂಗಳೂರಿನದು. ಕುಮಟಾದ ಮೀನುಗಾರ, ಶಿರಸಿಯ ಹವ್ಯಕ ಭಟ್ಟರು, ಅಂಕೋಲೆಯ ಹಾಲಕ್ಕಿ ಅಜ್ಜಿ, ಸದಾಶಿವಗಡದ ಕೊಂಕಣಿ ವ್ಯಾಪಾರಿ ಎಲ್ಲರ ಬಾಯಲ್ಲೂ ಅದನ್ನೇ ತುರುಕುತ್ತಾರೆ. ಇದು ನೋವಿನ ಸಂಗತಿ. ನೀವು ಸೆಟ್‌ನಲ್ಲಿ ಇರುವುದೇ ಇದನ್ನು ಸರಿಮಾಡುವ ಅವಕಾಶ. ವಾದ ಮಾಡಬೇಡಿ. ಬರೆದ ಸಾಲನ್ನು ಬರೆದ ಹಾಗೆ ಒಮ್ಮೆ ಹೇಳಿ, “ನಮ್ಮ ಕಡೆ ಇದನ್ನು ಹೀಗೆ ಹೇಳುತ್ತಾರೆ” ಎಂದು ನಿಮ್ಮದನ್ನು ಇನ್ನೊಮ್ಮೆ ಹೇಳಿ ತೋರಿಸಿ. “ಗೊತ್ತಿಲ್ಲ” ಎಂಬುದು “ಗೊತ್ತಿಲ್ಲೆ” ಆದಾಗ ಉದ್ದ ಅಷ್ಟೇ ಇರುತ್ತದೆ, ಯಾರಿಗೂ ಅರ್ಥ ತಪ್ಪುವುದಿಲ್ಲ, ಪಾತ್ರ ಮಾತ್ರ ಊರಿಗೆ ಸೇರುತ್ತದೆ. ಅರ್ಥವೇ ಆಗದ ಪದವಾದರೆ ಪಟ್ಟು ಹಿಡಿಯಬೇಡಿ. ಉಚ್ಚಾರ, ರಾಗ, ವಾಕ್ಯದ ಬಾಲ ನಮ್ಮದಿರಲಿ, ಪದ ಎಲ್ಲರಿಗೂ ತಿಳಿಯುವಂಥದ್ದಿರಲಿ.

ಇದರ ಜತೆ ಇನ್ನೆರಡು ಕನ್ನಡ ಬೇಕು. ಒಂದು, ಧಾರಾವಾಹಿಗಳ ಬೆಂಗಳೂರು-ಮೈಸೂರು ಕಡೆಯ ಮನೆಮಾತು. ನಮ್ಮವರು ಇದರಲ್ಲಿ ಸಿಕ್ಕಿಬೀಳುವುದು ಪದದಲ್ಲಲ್ಲ, “ಎಂತ” ಮತ್ತು ವಾಕ್ಯದ ಕೊನೆಯ ಎಳೆತದಲ್ಲಿ. ದಿನಕ್ಕೆ ಹತ್ತು ನಿಮಿಷ ಒಂದು ಧಾರಾವಾಹಿಯ ಸಂಭಾಷಣೆ ಕೇಳಿ, ನಿಲ್ಲಿಸಿ, ಹಾಗೇ ಹೇಳಿ, ಧ್ವನಿ ಮುದ್ರಿಸಿ ಹೋಲಿಸಿ. ಎರಡು, ಧಾರವಾಡ ಕಡೆಯ ಮಾತು. ಹಳಿಯಾಳ, ಮುಂಡಗೋಡದವರಿಗೆ ಅದು ಮನೆಯಲ್ಲೇ ಇದೆ. ಘಟ್ಟದ ಕೆಳಗಿನವರು ಕಲಿತರೆ ಪಾತ್ರಗಳು ದುಪ್ಪಟ್ಟು. ಕಾರವಾರದವರು ಕೊಂಕಣಿಯನ್ನು ಮುಚ್ಚಿಡುವುದು ತಪ್ಪು. ಅನಂತ ನಾಗ್ ಮುಂಬಯಿಯಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ರಂಗಭೂಮಿಯಲ್ಲಿ ಪಳಗಿ ಬಂದವರು. ಕೊಂಕಣಿ, ಮರಾಠಿ ಬಂದರೆ ಗೋವೆಯ ಕೆಲಸವೂ ಕೈಗೆಟಕುತ್ತದೆ. 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಪಣಜಿಯಲ್ಲೇ ನಡೆಯುತ್ತಿದೆ. ಕಾರವಾರದಿಂದ ಸುಮಾರು ನೂರು ಕಿಲೋಮೀಟರು. ಮೊದಲೇ ಪ್ರತಿನಿಧಿಯಾಗಿ ಹೆಸರು ನೋಂದಾಯಿಸಿ ನಾಲ್ಕು ದಿನ ಹೋದರೆ, ಪೋಷಕ ನಟನೆ ಎಷ್ಟು ಸಣ್ಣ ದನಿಯಲ್ಲಿ ನಡೆಯಬಹುದೆಂದು ಕಣ್ಣಾರೆ ಕಾಣುತ್ತೀರಿ.

ಸೆಟ್‌ನ ಮೊದಲ ದಿನ

ಮೊದಲ ಕೆಲಸ ಊರಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಯಾಣ, ಗೋಕರ್ಣ, ಮುರ್ಡೇಶ್ವರ, ಶರಾವತಿಯ ಹಿನ್ನೀರು, ಶಿರಸಿಯ ಹಳೆಯ ಮನೆಗಳಿಗೆ ಚಿತ್ರತಂಡ ಬಂದಾಗ ಒಂದೆರಡು ದೃಶ್ಯದ ಪಾತ್ರಗಳಿಗೆ ಸ್ಥಳೀಯರನ್ನೇ ಹುಡುಕುತ್ತಾರೆ. ಅವರು ಮೊದಲು ಮಾತಾಡುವುದು ಲೊಕೇಶನ್ ಹುಡುಕಿಕೊಟ್ಟವರೊಡನೆ, ಲಾಡ್ಜಿನವರೊಡನೆ, ನಾಟಕ ತಂಡದವರೊಡನೆ. ಈ ಮೂವರ ಹತ್ತಿರ ನಿಮ್ಮ ಆರು ಫೋಟೊ ಇರಬೇಕು.

ಕರೆ ಬಂದರೆ ಹೇಳಿದ ಹೊತ್ತಿಗೆ ಅರ್ಧ ಗಂಟೆ ಮುಂಚೆ ಹೋಗಿ. ಧಾರಾವಾಹಿಯಲ್ಲಿ ಪೋಷಕ ಪಾತ್ರಗಳವರು ತಮ್ಮ ಬಟ್ಟೆ ತಾವೇ ತರುವುದು ಸಾಮಾನ್ಯ. ನಾಲ್ಕೈದು ಜತೆ ಒಯ್ಯಿರಿ: ಅಚ್ಚ ಬಿಳಿ ಬೇಡ, ಬೆಳಕನ್ನು ಚಿಮ್ಮಿಸಿ ಮುಖವನ್ನು ಕಪ್ಪು ಮಾಡುತ್ತದೆ; ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ, ಕ್ಯಾಮೆರಾದಲ್ಲಿ ಅಲೆಯಲೆಯಾಗಿ ಕುಣಿಯುತ್ತದೆ; ಕಂಪನಿಯ ಗುರುತು ಇರುವ ಅಂಗಿ ಬೇಡ. ಹಳೆಯದು, ಒಗೆದು ಬಣ್ಣ ಮಾಸಿದ್ದು ಬಲು ಒಳ್ಳೆಯದು. ಚೀಲದಲ್ಲಿ ಎರಡು ಪಂಚೆ, ಚಪ್ಪಲಿ, ಹಳೆಯ ಕನ್ನಡಕದ ಚೌಕಟ್ಟು, ಸೂಜಿದಾರ, ಸೇಫ್ಟಿ ಪಿನ್, ಟವೆಲ್, ನೀರಿನ ಬಾಟಲಿ, ನಿಮ್ಮ ಮಾತ್ರೆಗಳು. ದೃಶ್ಯದಲ್ಲಿ ತೊಟ್ಟ ಬಟ್ಟೆಯ ಫೋಟೊವನ್ನು ನೀವೇ ತೆಗೆದಿಡಿ. ಆ ದೃಶ್ಯದ ಮುಂದಿನ ಭಾಗ ಹದಿನೈದು ದಿನ ಕಳೆದು ಬರಬಹುದು. ಕ್ಷೌರವನ್ನಂತೂ ಕೇಳದೆ ಮಾಡಿಸಬೇಡಿ.

ನೆಲದ ಮೇಲೆ ಅಂಟಿಸಿದ ಪಟ್ಟಿ ನಿಮ್ಮ ಗುರುತು. ಅದನ್ನು ಬಗ್ಗಿ ನೋಡುತ್ತ ಬರಬಾರದು. ಮೊದಲು ಗುರುತಿನ ಮೇಲೆ ನಿಂತು, ಅಲ್ಲಿಂದ ಹಿಂದಕ್ಕೆ ಹೆಜ್ಜೆ ಎಣಿಸುತ್ತ ಹೋಗಿ ನಿಮ್ಮ ಆರಂಭದ ಜಾಗ ಹಿಡಿಯಿರಿ. ಟೇಕ್‌ನಲ್ಲಿ ಅಷ್ಟೇ ಹೆಜ್ಜೆ ಮುಂದಿಟ್ಟರೆ ಸರಿಯಾಗಿ ಬಂದು ನಿಲ್ಲುತ್ತೀರಿ. ಯಕ್ಷಗಾನದವರಿಗೆ ಇದು ನೀರು ಕುಡಿದಷ್ಟು ಸುಲಭ. ಅರ್ಧ ಅಡಿ ತಪ್ಪಿದರೂ ಫೋಕಸ್ ಹೋಗುತ್ತದೆ, ಅಥವಾ ನಿಮ್ಮ ನೆರಳು ನಾಯಕಿಯ ಮುಖದ ಮೇಲೆ ಬೀಳುತ್ತದೆ. “ಆ್ಯಕ್ಷನ್” ಅಂದ ತಕ್ಷಣ ಮಾತು ಶುರು ಮಾಡದೆ ಒಂದು ಉಸಿರು ಬಿಡಿ. ಮಾತು ಮುಗಿದ ಮೇಲೂ “ಕಟ್” ಕೇಳುವವರೆಗೆ ಪಾತ್ರದಲ್ಲೇ ಇರಿ. ಸಂಕಲನಕ್ಕೆ ಬೇಕಾಗುವುದು ಆ ಎರಡು ಸೆಕೆಂಡು. ಎದುರಿನವರ ಮಾತಿನ ಮೇಲೆ ಮಾತು ಹತ್ತಿಸಬೇಡಿ. ಎದೆಗೆ ಸಿಕ್ಕಿಸಿದ ಮೈಕ್ ಮೇಲೆ ಶಲ್ಯ, ರೇಷ್ಮೆ ಸೆರಗು, ಕರಿಮಣಿ ಉಜ್ಜಿದರೆ ಆ ಟೇಕ್‌ನ ಸದ್ದು ಹಾಳು. ಸರ ಆಡುತ್ತಿದ್ದರೆ ಸೌಂಡ್‌ನವರಿಗೆ ನೀವೇ ತಿಳಿಸಿ.

ಒಂದು ದೃಶ್ಯ, ಒಂದು ಕವಳ

ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನಲ್ಲಿ ಮಾಡಿದ್ದು ಇನ್ನೊಂದರಲ್ಲೂ ಹಾಗೇ ಇರುವುದು, ಏನೆಂದು ಒಂದು ದೃಶ್ಯದಲ್ಲಿ ನೋಡೋಣ. ಜಗಲಿಯಲ್ಲಿ ಅಪ್ಪ ಕವಳ (ಎಲೆಯಡಿಕೆ) ಹಾಕಲು ಕೂತಿದ್ದಾನೆ. ಬೆಂಗಳೂರಿನ ಮಗಳು ಫೋನಿನಲ್ಲಿ, ದೊಡ್ಡಹಬ್ಬಕ್ಕೆ ಬರಲಾಗುವುದಿಲ್ಲ ಎನ್ನುತ್ತಾಳೆ. ಅಪ್ಪನಿಗಿರುವ ಮಾತು ಇಷ್ಟೇ: “ಆಯ್ತು. ನಿನ್ನ ಅನುಕೂಲ ನೋಡ್ಕೋ.”

ಮೊದಲು ಇಡೀ ಜಗಲಿ ಕಾಣುವ ವೈಡ್ ಶಾಟ್. ನೀವು “ಆಯ್ತು” ಎನ್ನುವ ಮುಂಚೆ ಎಲೆಗೆ ಸುಣ್ಣ ಸವರಿದಿರಿ, “ಅನುಕೂಲ” ಎನ್ನುವಾಗ ಎಲೆ ಮಡಚಿದಿರಿ. ಅರ್ಧ ಗಂಟೆ ಬೆಳಕು ಬದಲಿಸಿದ ಮೇಲೆ ಸೊಂಟದಿಂದ ಮೇಲೆ ಕಾಣುವ ಮಿಡ್ ಶಾಟ್, ಆಮೇಲೆ ಕ್ಲೋಸ್. ಕ್ಲೋಸ್‌ನಲ್ಲಿ “ಆಯ್ತು” ಮುಗಿದ ಮೇಲೆ ಸುಣ್ಣ ಸವರಿದರೆ ಆ ಟೇಕ್ ಎಷ್ಟೇ ಚೆನ್ನಾಗಿದ್ದರೂ ವೈಡ್ ಜತೆ ಜೋಡಿಸಲು ಬರುವುದಿಲ್ಲ. ಆದ್ದರಿಂದ ಕೆಲಸವನ್ನು ಪದಕ್ಕೆ ಕಟ್ಟಿ. ಎಲೆ ಎಡಗೈಯಲ್ಲಿ, ಸುಣ್ಣ ಬಲಗೈ ತೋರುಬೆರಳಲ್ಲಿ, ಫೋನು ಎಡ ಭುಜ ಮತ್ತು ಕಿವಿಯ ನಡುವೆ. ಹೀಗೆ ಮೊದಲ ಮಾನಿಟರ್‌ನಲ್ಲೇ ನಿರ್ಧರಿಸಿ ಕೊನೆಯ ಟೇಕ್‌ವರೆಗೆ ಬದಲಿಸಬೇಡಿ. ಕೈಗೆ ಎಷ್ಟು ಕಡಿಮೆ ಕೆಲಸ ಕೊಡುತ್ತೀರೋ ನೆನಪಿಡುವುದು ಅಷ್ಟು ಸುಲಭ. ಇಲ್ಲಿ ಅಡಿಕೆ ಕತ್ತರಿಸುವುದು ಬೇಡ.

ಎಲೆಯ ಲೆಕ್ಕವನ್ನೂ ಹಾಕಿ. ಮೂರು ಶಾಟ್, ಒಂದೊಂದಕ್ಕೆ ನಾಲ್ಕು ಟೇಕ್, ಮಾನಿಟರ್‌ಗೆ ಮೂರು: ಹದಿನೈದು ಎಲೆ. ಸುಣ್ಣ ಹತ್ತಿದ ಎಲೆಯನ್ನು ಒರೆಸಿ ಮತ್ತೆ ಬಳಸಿದರೆ ಕ್ಲೋಸ್‌ನಲ್ಲಿ ಕಲೆ ಕಾಣುತ್ತದೆ. ಕಲಾ ವಿಭಾಗದ ಹುಡುಗನಿಗೆ ಮೊದಲೇ ಹೇಳಿ ಇಪ್ಪತ್ತು ತರಿಸಿ. ಇನ್ನು ಕವಳವನ್ನು ನಿಜವಾಗಿ ಬಾಯಿಗೆ ಹಾಕಬೇಡಿ. ಮೊದಲ ಟೇಕ್‌ನಲ್ಲಿ ಹಲ್ಲು ಬಿಳಿ, ಐದನೆಯದರಲ್ಲಿ ಕೆಂಪು; ಮಾತು ತೊದಲುವುದು ಬೇರೆ. ಮಡಚಿದ ಎಲೆಯನ್ನು ಹಾಗೇ ತಟ್ಟೆಯಲ್ಲಿ ಇಟ್ಟುಬಿಡುವ ಅಪ್ಪ ಈ ದೃಶ್ಯಕ್ಕೆ ಇನ್ನೂ ಚೆನ್ನ. ಮಾತಿನಲ್ಲಿ ಇಲ್ಲದ್ದನ್ನೆಲ್ಲ ಆ ಎಲೆ ಹೇಳುತ್ತದೆ.

ಪ್ರಾಂಪ್ಟಿಂಗ್ ಮತ್ತು ಡಬ್ಬಿಂಗ್

ಧಾರಾವಾಹಿಯಲ್ಲಿ ದೃಶ್ಯದ ಹಾಳೆ ಅಂದೇ ಬೆಳಿಗ್ಗೆ ಕೈಗೆ ಬರುವುದುಂಟು. ಅಸೋಸಿಯೇಟ್ ಒಬ್ಬರು ಕ್ಯಾಮೆರಾದ ಹಿಂದಿನಿಂದ ಸಾಲನ್ನು ಹೇಳುತ್ತಾರೆ, ನೀವು ಕೇಳಿ ಹೇಳುತ್ತೀರಿ. ಹೊಸಬರ ಕಣ್ಣು ಆ ದನಿಯ ಕಡೆ ಹೊರಳುತ್ತದೆ, ಇಲ್ಲವೇ ಕೇಳಿಸಿಕೊಳ್ಳುವಾಗ ಮುಖ ಖಾಲಿಯಾಗುತ್ತದೆ. ಮನೆಯಲ್ಲಿ ಯಾರನ್ನಾದರೂ ಬೆನ್ನ ಹಿಂದೆ ಕೂರಿಸಿ ಪತ್ರಿಕೆ ಓದಿಸಿ. ನೀವು ಎದುರಿನ ಗೋಡೆಯ ಒಂದು ಬಿಂದುವನ್ನು ನೋಡುತ್ತ, ಕೇಳಿದ್ದನ್ನು ಅರ್ಥ ಕೂಡಿಸಿ ಹೇಳುತ್ತ ಹೋಗಿ. ಮೂರು ವಾರ, ದಿನಕ್ಕೆ ಕಾಲು ಗಂಟೆ. ಕೇಳುವ ಆ ಚಿಕ್ಕ ವಿರಾಮವನ್ನು ಯೋಚಿಸುವ ವಿರಾಮವಾಗಿ ಕಾಣಿಸಲು ಬಂದರೆ ಅರ್ಧ ಗೆದ್ದಂತೆ. ಆದರೂ ಹಾಳೆ ಸಿಕ್ಕಿದ ತಕ್ಷಣ ನಿಮ್ಮ ಸಾಲು ಪಾಠ ಮಾಡಿಬಿಡಿ. ಪ್ರಾಂಪ್ಟಿಂಗ್ ಊರುಗೋಲು ಮಾತ್ರ.

ಸಿನಿಮಾದಲ್ಲಿ ಸ್ಥಳದಲ್ಲೇ ಧ್ವನಿ ಮುದ್ರಿಸುತ್ತಾರೋ, ಡಬ್ಬಿಂಗ್ ಇದೆಯೋ ಎಂದು ಮೊದಲ ದಿನವೇ ಕೇಳಿ. ಡಬ್ಬಿಂಗ್ ಇದ್ದರೆ ನಿಮ್ಮ ಪಾತ್ರಕ್ಕೆ ನೀವೇ ದನಿ ಕೊಡುತ್ತೀರೆಂದು ಒಪ್ಪಿಕೊಳ್ಳುವಾಗಲೇ ಮಾತಾಡಿ. ಬೆಂಗಳೂರಿಗೆ ಬರಲಾಗದೆಂದು ಬಿಟ್ಟರೆ ಬೇರೆಯವರ ದನಿ ಕೂರುತ್ತದೆ, ನಿಮ್ಮ ಅಭಿನಯದ ಅರ್ಧ ಹೋಗುತ್ತದೆ. ಸ್ಟುಡಿಯೊದಲ್ಲಿ ಸಾಲು ಸಾಲಾಗಿ ಹೇಳಿಸುತ್ತಾರೆ. ತುಟಿ ಮುಚ್ಚುವ ಪ, ಬ, ಮ ಅಕ್ಷರಗಳು ಚಿತ್ರದೊಡನೆ ಕೂಡಿದರೆ ಉಳಿದದ್ದು ಕಣ್ಣಿಗೆ ಸರಿ ಕಾಣುತ್ತದೆ. ದೃಶ್ಯದಲ್ಲಿ ನಡೆದಿದ್ದರೆ ನಿಂತಲ್ಲೇ ಕಾಲು ಆಡಿಸಿ, ಭಾರ ಎತ್ತಿದ್ದರೆ ಹೊಟ್ಟೆ ಬಿಗಿಹಿಡಿಯಿರಿ. ಉಸಿರು ಆಗಲೇ ನಿಜವಾಗುತ್ತದೆ.

ಹಣ, ದಿನ, ಪ್ರಯಾಣ

ಒಪ್ಪಿಕೊಳ್ಳುವ ಮುಂಚೆ ಮ್ಯಾನೇಜರ್‌ಗೆ ಕೇಳಬೇಕಾದ್ದು: ದಿನಕ್ಕೆ ಎಷ್ಟು, ತಿಂಗಳಿಗೆ ಕಡಿಮೆಯೆಂದರೆ ಎಷ್ಟು ದಿನ, ಹಣ ಎಷ್ಟು ದಿನಕ್ಕೆ ಕೈ ಸೇರುತ್ತದೆ, ಪ್ರಯಾಣ-ವಸತಿ ಯಾರದ್ದು, ಬಟ್ಟೆ ಯಾರದ್ದು, ಡಬ್ಬಿಂಗ್‌ಗೆ ಬೇರೆ ಹಣವೇ, ಬೇರೆ ವಾಹಿನಿಯಲ್ಲಿ ಕೆಲಸ ಮಾಡಬಹುದೇ. ಉತ್ತರ ಬಂದ ಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, “ಸರಿ” ಎಂದು ಅವರಿಂದ ಉತ್ತರ ಪಡೆಯಿರಿ. ಹೀಗೆ ಕೇಳುವುದು ಸೊಕ್ಕಲ್ಲ. ಕೇಳದೆ ಆಮೇಲೆ ಜಗಳಾಡುವವರಿಗಿಂತ ಇಂಥವರನ್ನೇ ಮ್ಯಾನೇಜರ್‌ಗಳು ಇಷ್ಟಪಡುತ್ತಾರೆ.

ಲೆಕ್ಕ ಹೀಗೆ ಮಾಡಿ. ಉದಾಹರಣೆಗೆ ದಿನಕ್ಕೆ 2,500 ರೂಪಾಯಿ, ತಿಂಗಳಿಗೆ ಎಂಟು ದಿನ ಎಂದಿಟ್ಟುಕೊಳ್ಳಿ: 20,000. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ಮೀರಿದರೆ 10% ತೆರಿಗೆ ಮುರಿದುಕೊಳ್ಳುತ್ತಾರೆ, ಕೈಗೆ 18,000. ಪ್ಯಾನ್ ಕೊಡದಿದ್ದರೆ ಮುರಿಯುವುದು 20%. ಮುರಿದ ಹಣ ಹೋಗಿಬಿಟ್ಟಿತೆಂದು ತಿಳಿಯಬೇಡಿ. ಆದಾಯ ತೆರಿಗೆ ವಿವರ ಸಲ್ಲಿಸಿದರೆ, ನಿಮ್ಮ ಆದಾಯ ತೆರಿಗೆಗೆ ಬರದಷ್ಟಿದ್ದರೆ ಮರಳಿ ಬರುತ್ತದೆ. ಆ 18,000ದಲ್ಲಿ ಎರಡು ಸಲ ಬೆಂಗಳೂರಿಗೆ ಹೋಗಿಬರುವುದು, ಎಂಟು ರಾತ್ರಿಯ ವಸತಿ, ಊಟ ಕಳೆಯಿರಿ. ಉಳಿಯುವುದು ಅರ್ಧವೂ ಇಲ್ಲದಿದ್ದರೆ ಆ ಎಂಟು ದಿನಗಳನ್ನು ಒಟ್ಟಿಗೆ ಕೊಡಿ ಎಂದು ಕೇಳಿ. ಹಣ ತಡವಾಗುವುದು ಈ ಕ್ಷೇತ್ರದಲ್ಲಿ ಇದ್ದದ್ದೇ, ಆದ್ದರಿಂದ ಆರು ತಿಂಗಳ ಮನೆಖರ್ಚು ಕೈಯಲ್ಲಿಲ್ಲದೆ ಊರಿನ ಕೆಲಸ ಬಿಡಬೇಡಿ. ಡೈರಿಯಲ್ಲಿ ದಿನಾಂಕ, ಸಂಸ್ಥೆ, ಬಂದ ಹೊತ್ತು, ಹೋದ ಹೊತ್ತು, ಹಣ ಬರೆದಿಡಿ. ಸಹಿ ಮಾಡುವ ವೋಚರ್‌ನಲ್ಲಿರುವ ದಿನಗಳನ್ನು ಅದರೊಡನೆ ತಾಳೆ ನೋಡಿ.

ದಿನ ಕೊಡುವಾಗ ನಮ್ಮ ಊರಿನ ಋತುಮಾನ ನೆನಪಿರಲಿ. ಮೇಳದ ತಿರುಗಾಟ ನವೆಂಬರ್‌ನಿಂದ ಮೇವರೆಗೆ. ರಾತ್ರಿ ಆಟ, ಹಗಲು ಶೂಟಿಂಗ್ ಎಂದು ಎರಡನ್ನೂ ಹಿಡಿದವರ ದನಿ ಒಡೆಯುತ್ತದೆ, ಕಣ್ಣಡಿಯ ಕಪ್ಪು ಕ್ಲೋಸ್‌ನಲ್ಲಿ ಮುಚ್ಚಲಾಗುವುದಿಲ್ಲ. ಒಂದನ್ನು ಆರಿಸಿ. ಅಡಿಕೆ ಕೊಯ್ಲು ಇರುವವರು ಆ ವಾರಗಳನ್ನು ಮೊದಲೇ ತಿಳಿಸಿ. ಕೊಟ್ಟ ದಿನವನ್ನು ತಪ್ಪಿಸಿದರೆ ಮೂವತ್ತು ಮಂದಿಯ ಕೆಲಸ ನಿಲ್ಲುತ್ತದೆ, ಅದನ್ನು ಯಾರೂ ಮರೆಯುವುದಿಲ್ಲ. ಕರಾವಳಿಯವರಿಗೆ ಸಂಜೆ ಕಾರವಾರದಿಂದ ಹೊರಟು ಬೆಳಿಗ್ಗೆ ಬೆಂಗಳೂರು ಮುಟ್ಟುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲೂ ನಿಲ್ಲುತ್ತದೆ. ಶಿರಸಿಗೆ ರೈಲಿಲ್ಲ: ರಾತ್ರಿ ಬಸ್ಸು, ಇಲ್ಲವೇ ಹಾವೇರಿ, ತಾಳಗುಪ್ಪದಿಂದ ರೈಲು. ಬೆಳಿಗ್ಗೆ 7ಕ್ಕೆ ಸೆಟ್‌ನಲ್ಲಿರಬೇಕೆಂದು ಕಾಲ್ ಇದ್ದರೆ ಅದೇ ಬೆಳಿಗ್ಗೆ ಇಳಿಯುವ ರೈಲು ನಂಬಬೇಡಿ. ಮಳೆಗಾಲದಲ್ಲಂತೂ ಒಂದು ದಿನ ಮುಂಚೆ ಹೊರಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದು ಎಲ್ಲರಿಗೂ ನೆನಪಿದೆ.

ಮೋಸದ ಕರೆ

ಪಾತ್ರಕ್ಕಾಗಿ ನೀವು ಹಣ ಕೊಡುವುದಿಲ್ಲ, ಪಾತ್ರಕ್ಕಾಗಿ ನಿಮಗೆ ಹಣ ಕೊಡುತ್ತಾರೆ. ನೋಂದಣಿ ಶುಲ್ಕ, ಕಾರ್ಡ್ ಶುಲ್ಕ, “ಆಯ್ಕೆಯಾಗಿದ್ದೀರಿ, ಬಟ್ಟೆಗೆ ಮುಂಗಡ ಕಟ್ಟಿ” ಎಂದವರ ಸಂಖ್ಯೆಯನ್ನು ಅಲ್ಲಿಗೇ ಬಿಡಿ. ಆಧಾರ್, ಪ್ಯಾನ್ ಪ್ರತಿ ಕೊಡುವುದು ಕೆಲಸ ನಿಶ್ಚಯವಾದ ಮೇಲೆ. ಒಟಿಪಿ ಯಾವತ್ತೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಲಾಡ್ಜ್ ಕೋಣೆಯಲ್ಲಿ, ರಾತ್ರಿ, ಒಬ್ಬರೇ ಬನ್ನಿ ಎನ್ನುವ ಆಡಿಷನ್ ಆಡಿಷನ್ ಅಲ್ಲ. ಹೆಣ್ಣುಮಕ್ಕಳು ಜತೆಗೊಬ್ಬರನ್ನು ಕರೆದೊಯ್ಯುತ್ತೇನೆಂದು ಹೇಳಿ ನೋಡಿ. ನಿಜವಾದ ತಂಡ ಬೇಡವೆನ್ನುವುದಿಲ್ಲ. ಹತ್ತು ಮತ್ತು ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಆ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳುವುದು ನಿಮ್ಮ ಹಕ್ಕು.

ಪಾತ್ರ ಮುಗಿದ ಮೇಲೆ

ಧಾರಾವಾಹಿಯಲ್ಲಿ ಪೋಷಕ ಪಾತ್ರ ಒಂದು ದಿನ ಊರಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅದು ನಿಮ್ಮ ತಪ್ಪೇ ಆಗಿರಬೇಕೆಂದಿಲ್ಲ. ಕಥೆ ಬೇರೆ ಕಡೆ ಹೊರಳಿದೆ ಅಷ್ಟೇ. ಕೊನೆಯ ದಿನ ಮೇಕಪ್‌ನವರಿಂದ ಹಿಡಿದು ಊಟ ಬಡಿಸುವವರವರೆಗೆ ಎಲ್ಲರಿಗೂ ಹೇಳಿ ಹೊರಡಿ. ಇಂದಿನ ಸಹಾಯಕ ನಿರ್ದೇಶಕ ಮೂರು ವರ್ಷದಲ್ಲಿ ನಿರ್ದೇಶಕ. ಪ್ರಸಾರವಾದ ಕಂತುಗಳಿಂದ ನಿಮ್ಮ ಒಳ್ಳೆಯ ನಾಲ್ಕು ತುಣುಕು ಆರಿಸಿ, ಒಟ್ಟು ಎರಡು ನಿಮಿಷದ ರೀಲ್ ಮಾಡಿಸಿ. ನಾಯಕನ ಮುಖ ಕಾಣುವ ಶಾಟ್ ಅಲ್ಲ, ನಿಮ್ಮ ಮುಖ ಕಾಣುವ ಶಾಟ್. ಎರಡು ತಿಂಗಳಿಗೊಮ್ಮೆ ಒಂದೇ ಸಾಲು ಕಳಿಸಿ: ಈಗ ಯಾವ ದಿನಗಳಲ್ಲಿ ಬಿಡುವಿದೆ, ಗಡ್ಡ ಇದೆಯೋ ಇಲ್ಲವೋ. ದಿನವೂ ಶುಭೋದಯ ಕಳಿಸುವವರ ಸಂಖ್ಯೆಯನ್ನು ಮ್ಯಾನೇಜರ್‌ಗಳು ಮೂಕ ಮಾಡಿಟ್ಟಿರುತ್ತಾರೆ. ಆರು ಫೋಟೊಗಳನ್ನು ವರ್ಷಕ್ಕೊಮ್ಮೆ, ಅದೇ ಜಗಲಿಯಲ್ಲಿ, ಮಳೆ ನಿಂತು ಬೆಳಕು ತಿಳಿಯಾಗುವ ಅಕ್ಟೋಬರ್ ಕೊನೆಗೆ ಹೊಸದಾಗಿ ತೆಗೆಸಿ, ಹಳೆಯದನ್ನು ಎಲ್ಲ ಕಡೆಯಿಂದ ತೆಗೆದುಬಿಡಿ.